ಪಕ್ಕದ ಮನೆಯ ಕಥೆ

“ಮಗಳ ಬಾಯಲ್ಲಿ ಯಾವಾಗಲೂ ಸಿನಿಮಾ ಹಾಡೇ. ಪ್ರಾರ್ಥನಾ ಕೂಟದವರು ಇವೆಲ್ಲ ಲೋಕದ ಹಾಡು, ಬಿಡಿಸಿ ಅಂತಾರೆ. ಬಿಡಿಸಬೇಕಾ?” ಶಿಕಾರಿಪುರ ತಾಲ್ಲೂಕಿನ ತಾಯಿಯೊಬ್ಬರು ನಮಗೆ ಬರೆದ ಪತ್ರದ ಸಾರ ಇಷ್ಟು. ಬೇಡಮ್ಮ, ಹಾಡಲಿ ಎಂದು ಒಂದೇ ಸಾಲಿನಲ್ಲಿ ಉತ್ತರಿಸಬಹುದಿತ್ತು. ಆದರೆ ಆ ಪ್ರಶ್ನೆಯ ಹಿಂದಿನ ಅಂಜಿಕೆ ನಮ್ಮ ಕಡೆಯ ಎಷ್ಟೋ ಕ್ರೈಸ್ತ ಮನೆಗಳದ್ದು. ಅದನ್ನು ಹಗುರವಾಗಿ ಕಾಣಲಾರೆ.

ಶಿಕಾರಿಪುರ, ಸೊರಬದಲ್ಲಿ ನಾವು ಸ್ವಲ್ಪವೇ ಜನ. ಕರಾವಳಿಯ ಹಾಗೆ ಕೇರಿಗೆ ಕೇರಿಯೇ ನಮ್ಮವರಿರುವುದಿಲ್ಲ. ಮನೆಯೊಳಗೆ ಕೊಂಕಣಿಯೋ ತಮಿಳೋ, ಬಲಿಪೂಜೆಗೆ ಕನ್ನಡ, ಗದ್ದೆ ತೋಟದಲ್ಲಿ ಅಪ್ಪಟ ಮಲೆನಾಡ ಮಾತು. ಇಷ್ಟು ಕಡಿಮೆ ಇದ್ದಾಗ ಮಕ್ಕಳು ಕೈತಪ್ಪಿ ಹೋದಾರೆಂಬ ಭಯ ಸಹಜ. ಭಯ ಬಂದಾಗ ನಾವು ಮೊದಲು ಮಾಡುವ ಕೆಲಸ ಬೇಲಿ ಬಿಗಿ ಮಾಡುವುದು: ಸಿನಿಮಾ ಬೇಡ, ಹೋರಿ ಹಬ್ಬಕ್ಕೆ ಹೋಗಬೇಡ, ಯಕ್ಷಗಾನ ನೋಡಬೇಡ.

ನಮ್ಮ ನೆರೆಯ ಸಾಗರದಲ್ಲಿ ಹಾಗೆ ಬೇಲಿ ಹಾಕಿಕೊಳ್ಳದ ಕ್ರೈಸ್ತರೊಬ್ಬರಿದ್ದರು. 1937ರಲ್ಲಿ ಅಲ್ಲೇ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಮನೆಗಳ ಸಂಕಟ ಅವರನ್ನು ಜೀವನವಿಡೀ ಬಿಡಲಿಲ್ಲ. ‘ದ್ವೀಪ’ ಕಾದಂಬರಿಯಲ್ಲಿ ಏರುತ್ತಿರುವ ನೀರಿನ ನಡುವೆ ಒಂಟಿಯಾದ ಗಣಪಯ್ಯನ ಸಂಸಾರ ಅವರ ಜಾತಿಯದಲ್ಲ, ಮತದ್ದಲ್ಲ. ಆ ಮನೆಯ ಅಡುಗೆಕೋಣೆ, ದೇವರಕೋಣೆ, ಗಂಡ ಹೆಂಡಿರ ನಡುವೆ ಬೆಳೆದ ಅನುಮಾನ ಎಲ್ಲವನ್ನೂ ಅವರು ಒಳಗಿನವರಂತೆ ಬರೆದರು. ಗಿರೀಶ್ ಕಾಸರವಳ್ಳಿಯವರು ಅದನ್ನು ಚಿತ್ರ ಮಾಡಿದರು, ಗಣಪಯ್ಯನ ಹೆಂಡತಿ ನಾಗಿಯಾಗಿ ಸೌಂದರ್ಯ ನಟಿಸಿದರು, ಸ್ವರ್ಣಕಮಲವೂ ಬಂತು. ಅದೇ ಲೇಖಕರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದು ನಮ್ಮ ಮನೆಗಳ ಕದವನ್ನೂ ಕನ್ನಡ ಓದುಗರಿಗೆ ತೆರೆದಿಟ್ಟರು. 2014ರಲ್ಲಿ ಮಡಿಕೇರಿಯ 80ನೇ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಪಕ್ಕದ ಮನೆಯ ನೋವನ್ನು ಅಷ್ಟು ಹತ್ತಿರದಿಂದ ಕಂಡದ್ದರಿಂದ ಅವರ ವಿಶ್ವಾಸ ತೆಳುವಾಯಿತೇ? ನನಗಂತೂ ಅವರ ಬರಹದಲ್ಲಿ ನೆರೆಯವನನ್ನು ಪ್ರೀತಿಸುವ ಕಟ್ಟಳೆಯನ್ನು ನಡೆದು ತೋರಿಸಿದಂತೆ ಕಾಣುತ್ತದೆ.

ಯೇಸುಸ್ವಾಮಿ ಜನರಿಗೆ ಹೇಳಿದ್ದೂ ಬಿತ್ತುವವನ ಕಥೆ, ಮದುವೆ ಊಟದ ಕಥೆ, ಮನೆ ಬಿಟ್ಟು ಹೋದ ಮಗನ ಕಥೆ. ಆ ಕೇಳುಗರಿಗೆ ಅವೆಲ್ಲ ದಿನನಿತ್ಯದ ಲೋಕವೇ.

ಬೇಲಿ ಹಾಕಿಕೊಳ್ಳದ ಈ ಔದಾರ್ಯ ನಮ್ಮ ಸೀಮೆಗೂ ಹೊಸದಲ್ಲ. ಅಲ್ಲಮಪ್ರಭು ಹುಟ್ಟಿದ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಬಳ್ಳಿಗಾವಿಯ ಕೋಡಿಯಮಠ ಶೈವರ ಮಠ. ಅಲ್ಲಿ ವೇದಗಳ ಜೊತೆಗೆ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು, ಹಸಿದವರಿಗೆ ಅನ್ನ, ಕಾಯಿಲೆಯವರಿಗೆ ಔಷಧ ಕೊಡುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ. ಕ್ರೈಸ್ತನಾದ ನನಗೆ ಈ ಕಲ್ಲಿನ ಬಗ್ಗೆ ಹೆಮ್ಮೆಯಿದೆ, ಏಕೆಂದರೆ ಇದು ನನ್ನ ನೆಲದ ಕಲ್ಲು. ಕ್ರೈಸ್ತರಲ್ಲೂ ಇಂಥವರಿದ್ದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚಿಗೆ ತಂದವರು ಅವರು.

ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಅಂಗಳಕ್ಕೆ ಬಂದರೆ ಎಣ್ಣೆ ಹೊಯ್ಯಬೇಕೋ ಬೇಡವೋ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಹೊಯ್ಯಿರಿ ಎನ್ನುತ್ತೇನೆ. ಡಿಸೆಂಬರ್‌ನಲ್ಲಿ ನಮ್ಮ ಹುಡುಗರು ಕ್ಯಾರಲ್ ಹಾಡಲು ಹೊರಟಾಗ ಅದೇ ಮನೆಗಳ ಬಾಗಿಲು ತೆರೆಯುತ್ತವೆ, ಕಾಫಿಯೂ ಬರುತ್ತದೆ.

ಹಾಗೆಂದು ಟೀವಿ, ಮೊಬೈಲಿನಲ್ಲಿ ಬರುವುದನ್ನೆಲ್ಲ ಒಪ್ಪಿಕೊಳ್ಳಿ ಎನ್ನುತ್ತಿಲ್ಲ. ಎಷ್ಟೋ ಸಿನಿಮಾಗಳಲ್ಲಿ ಕ್ರೈಸ್ತನೆಂದರೆ ಬಾಟಲಿ ಹಿಡಿದವನು, ಕ್ರೈಸ್ತ ಹುಡುಗಿಯೆಂದರೆ ಗಿಡ್ಡ ಲಂಗ ತೊಟ್ಟವಳು, ಇಲ್ಲವೇ ಕರುಣೆಯೇ ಮೈವೆತ್ತ ಸಿಸ್ಟರ್. ಅಡಿಕೆ ಸುಲಿಯುವ, ಸೊಸೈಟಿ ಸಾಲಕ್ಕೆ ಅಲೆಯುವ, ಮಗಳ ಮದುವೆಗೆ ನಿದ್ದೆಗೆಡುವ ಆನವಟ್ಟಿ ಕಡೆಯ ಕ್ರೈಸ್ತ ರೈತ ತೆರೆಯ ಮೇಲೆ ಕಾಣುವುದೇ ಇಲ್ಲ. ಇದು ನೋಯಿಸುತ್ತದೆ. ಮಕ್ಕಳ ಜೊತೆ ಕೂತು ನೋಡಿದರೆ ತಾನೆ “ನಮ್ಮ ಅಪ್ಪಿ ಮಾಮ ಹೀಗಿದ್ದಾನೇನೇ?” ಎಂದು ಕೇಳಲಾಗುವುದು? ಮಗು ಒಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಒಬ್ಬಳೇ ನೋಡಿದರೆ ಆ ಮಾತಿಗೆ ಜಾಗವೇ ಇರುವುದಿಲ್ಲ.

ನನ್ನ ಚಿಂತೆ ಸಿನಿಮಾ ಹಾಡಿಗಿಂತ ಸಂಜೆಯ ಜಪಸರದ್ದು. ಅಜ್ಜಿ ಒಬ್ಬರೇ ಮಣಿ ಎಣಿಸುವ, ಉಳಿದವರು ಬೇರೆ ಬೇರೆ ಕೋಣೆಯಲ್ಲಿರುವ ಮನೆಗಳು ಹೆಚ್ಚುತ್ತಿವೆ. ಜಪಸರಕ್ಕೆ ಬೇಕಾದದ್ದು ಸುಮಾರು ಇಪ್ಪತ್ತು ನಿಮಿಷ. ಧಾರಾವಾಹಿಗೆ ಮುಂಚೆ ಎಲ್ಲರೂ ಕೂತು ಅದನ್ನು ಮುಗಿಸಿ, ಆಮೇಲೆ ಅಜ್ಜಿಯ ಜೊತೆಗೇ ಧಾರಾವಾಹಿಯನ್ನೂ ನೋಡಿದರೆ ಯಾವ ದೇವರೂ ಮುನಿಯುವುದಿಲ್ಲ. ಪತ್ರ ಬರೆದ ತಾಯಿಗೆ ನಾನು ಹೇಳಬಹುದಾದದ್ದು ಇದೇ: ಮಗಳ ಹಾಡು ಬಿಡಿಸಬೇಡಿ, ಅವಳನ್ನು ಜಪಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮುಂದಿನ ಸಂಚಿಕೆಗೆ ಸೊರಬ, ಶಿಕಾರಿಪುರದ ಓದುಗರು ತಮ್ಮ ಮನೆಯ ಕಥೆಗಳನ್ನು ಬರೆದು ಕಳಿಸಬೇಕು. ನಿಮ್ಮ ಮನೆ ಹಬ್ಬಕ್ಕೆ ಯಾರು ಬರುತ್ತಾರೆ, ನೀವು ಯಾರ ಮನೆಗೆ ಹೋಗುತ್ತೀರಿ, ಮಕ್ಕಳೊಂದಿಗೆ ಯಾವ ಸಿನಿಮಾ ನೋಡಿ ಜಗಳವಾಡಿದಿರಿ, ಎಲ್ಲವನ್ನೂ ಬರೆಯಿರಿ. ಅಲಂಕಾರ ಬೇಡ, ಮನೆಯಲ್ಲಿ ಆಡುವ ಕನ್ನಡದಲ್ಲೇ ಇರಲಿ.