ತರುಣರ ಕಾದಂಬರಿಗಳೂ ಮನೆಯ ಋಣವೂ

ಹದಿನಾರು ಹದಿನೇಳು ವರ್ಷದ ತರುಣನೊಬ್ಬನು, ಅವನಿಗೊಂದು ಹಂಬಲ. ಅದು ಸಂಗೀತವಾಗಿರಬಹುದು, ಚಿತ್ರಕಲೆಯಾಗಿರಬಹುದು, ಆಟವಾಗಿರಬಹುದು. ತಂದೆಯು ಅದನ್ನು ಕೂಡದೆನ್ನುವನು. ತಾಯಿಯು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರಸಿಕೊಳ್ಳುವಳು. ಸಹೃದಯನಾದ ಉಪಾಧ್ಯಾಯನೊಬ್ಬನು ಪ್ರವೇಶಿಸುವನು. ತರುಣನು ಮನೆಬಿಟ್ಟು ಪಟ್ಟಣಕ್ಕೆ ಹೋಗುವನು, ಸ್ಪರ್ಧೆಯಲ್ಲಿ ಬಹುಮಾನ ಪಡೆಯುವನು; ಸಭಾಂಗಣದ ಕೊನೆಯ ಸಾಲಿನಲ್ಲಿ ತಂದೆಯು ಯಾರಿಗೂ ಕಾಣದಂತೆ ಕುಳಿತು ಚಪ್ಪಾಳೆ ತಟ್ಟುತ್ತಿರುವನು. ಅಲ್ಲಿಗೆ ಕಾದಂಬರಿಯು ಮುಗಿಯಿತು. ಇದೇ ಅಚ್ಚನ್ನು ಮಗುಚಿಹಾಕಿದರೆ ಇನ್ನೊಂದು ಬಗೆಯ ಕಾದಂಬರಿಯಾಗುವುದು: ತಂದೆಯು ಹಾಸಿಗೆ ಹಿಡಿಯುವನು, ಮಗನು ಪಶ್ಚಾತ್ತಾಪದಿಂದ ಹಿಂದಿರುಗಿ ಅವನ ಕಾಲಿಗೆರಗುವನು, ಹಂಬಲವು ಅಟ್ಟವನ್ನೇರುವುದು.

ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್’ ಎಂಬ ಹಣೆಪಟ್ಟಿ ಹೊತ್ತು ಬರುವ ಇಂಥ ಗ್ರಂಥಗಳೂ, ಅವುಗಳ ಮಾದರಿಯಲ್ಲಿ ಕನ್ನಡದಲ್ಲಿ ಹುಟ್ಟುವ ಕಥೆಗಳೂ ಕೊಡಗಿನ ವಿದ್ಯಾವಂತರ ಮನೆಗಳನ್ನು ಹೊಕ್ಕಿವೆ. ಗೃಹಸ್ಥರಲ್ಲಿ ಇದರಿಂದ ಎರಡು ಪಕ್ಷಗಳಾಗಿವೆ. ಇವು ಮಕ್ಕಳನ್ನು ಮನೆಗೆರಡು ಬಗೆಯುವಂತೆ ಮಾಡುತ್ತವೆಂದು ಒಂದು ಪಕ್ಷವು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು. ಇವು ಮಕ್ಕಳಿಗೆ ಸ್ವಾತಂತ್ರ್ಯವನ್ನು ಕಲಿಸುತ್ತವೆಂದು ಮತ್ತೊಂದು ಪಕ್ಷವು ಹುಟ್ಟುಹಬ್ಬಕ್ಕೆ ಕೊಂಡುಕೊಡುವುದು. ಗ್ರಂಥದೊಳಗೆ ಮನೆಯೆಂದು ಬರೆದಿರುವುದು ನಿಜವಾಗಿ ಮನೆಯೇ ಅಹುದೆ ಎಂದು ಮಾತ್ರ ಎರಡು ಪಕ್ಷದವರೂ ಕೇಳುವುದಿಲ್ಲ. ಈ ಕಾದಂಬರಿಗಳ ದೋಷವು ದಂಗೆಯನ್ನು ಬೋಧಿಸುವುದರಲ್ಲಿಲ್ಲ. ಮಗುವು ಯಾವುದರ ಮೇಲೆ ದಂಗೆಯೇಳಬೇಕೋ ಅದರ ತೂಕವನ್ನು ಅವು ಎಂದಿಗೂ ಹೇಳವು, ದೋಷವಿರುವುದು ಅಲ್ಲಿ.

ಕಾದಂಬರಿಯ ಮನೆಯಲ್ಲಿ ಕರ್ತವ್ಯವೆಂದರೆ ತಂದೆಯ ಬಾಯಿಮಾತು. ಅವನು ಮನಸ್ಸು ಬದಲಿಸಿದೊಡನೆ ಕರ್ತವ್ಯವೂ ಕರಗಿಹೋಗುವುದು; ಆದುದರಿಂದಲೇ ಕೊನೆಯ ಪ್ರಕರಣದಲ್ಲಿ ಒಂದು ಹನಿ ಕಣ್ಣೀರಿನಿಂದ ಸಮಸ್ಯೆಯೆಲ್ಲ ಪರಿಹಾರವಾಗುವುದು. ಕೊಡಗಿನ ಮನೆಯು ಅಂಥದಲ್ಲವೆಂಬುದನ್ನು ಇಲ್ಲಿಯ ವಾಚಕರಿಗೆ ಹೇಳಬೇಕಾದುದಿಲ್ಲ. ಕೊಡವರ ಒಕ್ಕದಲ್ಲಿ ಕೇಳುವವನು ತಂದೆಯೊಬ್ಬನೇ ಅಲ್ಲ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ಉರಿಯುವ ದೀಪವಿದೆ; ಕೈಮಡದಲ್ಲಿ ಕಾರಣವನಿದ್ದಾನೆ; ಪುತ್ತರಿಯ ದಿನ ಕದಿರು ತೆಗೆಯುವುದಕ್ಕೆ ಕೂಡಿಬರುವ ದಾಯಾದಿಗಳಿದ್ದಾರೆ. ಅರೆಭಾಷೆಯ ಗೌಡರ ಐನ್‌ಮನೆಗಳಲ್ಲಿಯೂ ಬಹುಮಟ್ಟಿಗೆ ಇದೇ ಸ್ಥಿತಿ. ಜಮ್ಮಾ ಹಿಡುವಳಿಯ ಮೂಲ ಕಟ್ಟಳೆಯಂತೆ ಆ ಭೂಮಿಯನ್ನು ಮನಬಂದಂತೆ ಮಾರುವುದಕ್ಕೂ ಪಾಲುಮಾಡಿಕೊಳ್ಳುವುದಕ್ಕೂ ಎಡೆಯಿರಲಿಲ್ಲ. ಪಟ್ಟೆದಾರನು ಒಕ್ಕದ ಪರವಾಗಿ ನಿಂತು ಕಂದಾಯ ಕಟ್ಟುತ್ತಿದ್ದನಲ್ಲದೆ ಒಡೆಯನಾಗಿರಲಿಲ್ಲ. ಮಗನನ್ನು ತಡೆಯುವ ತಂದೆಯೂ ಇಂಥ ಮನೆಯಲ್ಲಿ ಸಾಲಗಾರನೇ. ಅವನು ಮನ್ನಾ ಮಾಡಿದ ಮಾತ್ರಕ್ಕೆ ಸಾಲವು ತೀರುವುದಿಲ್ಲ. ಮಗನು ಬೆಂಗಳೂರಿಗೆ ಹೋದರೆ ತಂದೆಯ ಮುನಿಸು ಎರಡು ವರ್ಷದಲ್ಲಿ ಇಳಿದೀತು. ಕಾಫಿಯ ಹಣ್ಣು ಮಾಗಿದಾಗ ಕೊಯ್ಲಿನ ಆಳುಗಳನ್ನು ಕೂಡಿಸುವವರು ಯಾರು, ಹೂಮಳೆಯು ತಪ್ಪಿದ ವರ್ಷ ನೀರು ಹಾಯಿಸುವವರು ಯಾರು, ಮುದುಕಿಯಾದ ಅಜ್ಜಿಯ ಬಳಿ ಮಳೆಗಾಲದ ರಾತ್ರಿ ಮಲಗುವವರು ಯಾರು ಎಂಬ ಪ್ರಶ್ನೆಗಳು ಇಳಿಯುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಗ್ರಂಥಕರ್ತರ ಅಜ್ಞಾನವು ಮಿತಿಮೀರಿದುದು. ಅವರ ನಾಯಿಕೆಯನ್ನು ತಂದೆತಾಯಿಗಳು ಬಲಾತ್ಕಾರದಿಂದ ಮದುವೆ ಮಾಡಿಕೊಟ್ಟು ಹೊರಗೆ ಕಳುಹಿಸಲೆತ್ನಿಸುವರು, ಅವಳು ಓಡಿಹೋಗುವಳು. ಕೊಡವರ ಪದ್ಧತಿಯಲ್ಲಿ ಇದಕ್ಕಿಂತ ನೂರ್ಮಡಿ ಕಠಿಣವಾದ ಸಂಗತಿಯೊಂದುಂಟು. ಗಂಡುಸಂತಾನವಿಲ್ಲದೆ ಒಕ್ಕವೇ ಅಳಿಯುವ ಕಾಲ ಬಂದರೆ ಮಗಳನ್ನು ಹೊರಗೆ ಕಳುಹಿಸುವುದಿಲ್ಲ. ‘ಒಕ್ಕ ಪರಿಜೆ’ಯಲ್ಲಿ ಅಳಿಯನು ತನ್ನ ಒಕ್ಕವನ್ನು ಬಿಟ್ಟು ಅವಳ ಒಕ್ಕಕ್ಕೆ ಸೇರುವನು, ‘ಮಕ್ಕ ಪರಿಜೆ’ಯಲ್ಲಿ ಅವನು ತನ್ನ ಒಕ್ಕದಲ್ಲಿಯೇ ಉಳಿದರೂ ಹುಟ್ಟುವ ಮಕ್ಕಳು ತಾಯಿಯ ಒಕ್ಕದವರಾಗುವರು. ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತ ಇಂಗ್ಲಿಷ್ ಗ್ರಂಥದಲ್ಲಿ ಈ ಕಟ್ಟಳೆಗಳನ್ನು ವಿವರಿಸಿದ್ದಾರೆ. ಹದಿನೇಳು ವರ್ಷದ ಹುಡುಗಿಯೊಬ್ಬಳು ವೈದ್ಯಶಾಸ್ತ್ರವನ್ನೋ ನಾಟ್ಯವನ್ನೋ ಕಲಿಯಬೇಕೆಂದಿರುವಳು. ಅವಳನ್ನು ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾತನಾಡುವರು. ಆದರೆ ಒಕ್ಕದ ಹೆಸರಿಗೆ ಅವಳೊಬ್ಬಳೇ ಉಳಿದಿರುವಳು. ಇಲ್ಲಿ ಖಳನೆಲ್ಲಿ? ಯಾರ ಮೇಲೆ ಅವಳು ಬಾಗಿಲನ್ನು ಬಡಿದು ಹೊರಡಬೇಕು? ಇಂಥ ಹುಡುಗಿಯನ್ನು ಕಂಡರೆ ಅಚ್ಚಿನ ಕಾದಂಬರಿಕಾರನ ಲೇಖನಿಯು ಒಣಗುವುದು. ಏಕೆಂದರೆ ಅವನಿಗೆ ಕೋಪವನ್ನು ಬರೆಯಲು ಬರುವುದೇ ಹೊರತು ಪ್ರೀತಿಯ ಭಾರವನ್ನು ಬರೆಯಲು ಬಾರದು.

ಹಂಬಲದ ವಿಷಯದಲ್ಲಿಯೂ ಇವರ ಲೆಕ್ಕವು ತಪ್ಪು. ಹಂಬಲವು ಸ್ವಂತದ್ದು, ಕರ್ತವ್ಯವು ಮನೆಯದು ಎಂದು ಗೆರೆಯೆಳೆದು ವಿಂಗಡಿಸುವರು. ಕೊಡಂದೇರ ಕಾರ್ಯಪ್ಪನವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಇಂದೂರಿನ ಸೈನ್ಯಶಿಕ್ಷಣಕ್ಕೆ ಹೋಗಿ 1919ರಲ್ಲಿ ಅಧಿಕಾರಿಗಳಾದಾಗ ಭಾರತೀಯ ತರುಣರಿಗೆ ಆ ದಾರಿಯು ಆಗತಾನೇ ತೆರೆದಿತ್ತು. ಕಂದಾಯ ಇಲಾಖೆಯ ನೌಕರರ ಮಗನಿಗೆ ಅದು ಹೊಸದಾದ ಸಾಹಸ. 1949ರಲ್ಲಿ ಅವರು ಸೈನ್ಯದ ಮಹಾದಂಡನಾಯಕರಾದ ಮೇಲೆ ಅದೇ ಸಾಹಸವು ಎಷ್ಟೋ ಮನೆಗಳಲ್ಲಿ ಕಟ್ಟಳೆಯಾಯಿತು. ಅಜ್ಜನ ಹಂಬಲವು ಮೊಮ್ಮಗನಿಗೆ ಕರ್ತವ್ಯವಾಗಿ ಬಂದಿತು. ಈಗ ಆ ಮೊಮ್ಮಗನು ಸೈನ್ಯ ಬೇಡ, ತೋಟದಲ್ಲಿಯೇ ಇದ್ದು ಬೇಸಾಯ ಮಾಡುವೆನೆಂದರೆ ಮನೆಯವರು ಮುಖ ಸಣ್ಣದು ಮಾಡಿಕೊಳ್ಳುವರು! ಮನೆಯಲ್ಲಿ ಉಳಿಯುವುದೇ ದಂಗೆಯಾಗುವ ಈ ಚಮತ್ಕಾರವು ಯಾವ ಅಚ್ಚಿನಲ್ಲಿ ಹಿಡಿದೀತು?

ಮಕ್ಕಳಿಗೆ ಇಂಥ ಜಟಿಲತೆಯು ಅರ್ಥವಾಗದೆಂಬ ವಾದವುಂಟು. ಕೊಡಗಿನವರು ಈ ವಾದವನ್ನು ಒಪ್ಪಿದರೆ ಅದು ನಾಚಿಕೆಗೇಡು. ಹರದಾಸ ಅಪ್ಪಚ್ಚ ಕವಿಗಳು 1906ರಲ್ಲಿ ಕೊಡವ ಭಾಷೆಯ ಮೊದಲನೆಯ ನಾಟಕಕ್ಕೆ ಆರಿಸಿಕೊಂಡುದು ಯಯಾತಿಯ ಕಥೆಯನ್ನು: ತಂದೆಯು ಮಕ್ಕಳ ಯೌವನವನ್ನೇ ಬೇಡುವನು, ನಾಲ್ವರು ಒಲ್ಲೆನ್ನುವರು, ಪೂರುವು ಕೊಡುವನು. ಮನೆಯು ಮಗನಿಂದ ಏನನ್ನು ಕೇಳಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯು ಯಾವ ಭಾಷೆಯಲ್ಲಿದೆ? ಎರಡು ವರ್ಷಗಳ ತರುವಾಯ ಬರೆದುದು ‘ಸಾವಿತ್ರಿ’: ವರ್ಷದೊಳಗೆ ಸಾಯತಕ್ಕವನೆಂದು ತಿಳಿದೂ ತಂದೆಯ ಮಾತನ್ನು ಮೀರಿ ವರಿಸಿದವಳ ಕಥೆ. 1918ರಲ್ಲಿ ‘ಕಾವೇರಿ’. ಕವೇರಮುನಿಯ ಸಾಕುಮಗಳು ಲೋಕೋಪಕಾರಕ್ಕಾಗಿ ನದಿಯಾಗಬೇಕೆಂಬ ಹಂಬಲವುಳ್ಳವಳು. ತನ್ನನ್ನು ಒಬ್ಬಳನ್ನೇ ಬಿಟ್ಟುಹೋಗಬಾರದೆಂಬ ಮಾತನ್ನು ಪಡೆದು ಅಗಸ್ತ್ಯನನ್ನು ವರಿಸಿದಳು. ಆ ಮಾತು ತಪ್ಪಿದೊಡನೆ ನೀರಾಗಿ ಹರಿದುಹೋದಳೆಂದು ಪುರಾಣವು ಹೇಳುವುದು. ಬಲಮುರಿಯಲ್ಲಿ ಕೊಡವರು ಅವಳನ್ನು ತಡೆಯಲೆಳಸಿದಾಗ ಪ್ರವಾಹದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದುವಂತೆ. ಇಂದಿಗೂ ಅವು ಹಿಂದೆಯೇ ಇವೆ.

ಮಗಳು ಕಾದಂಬರಿಯೋದಿ ಕೆಟ್ಟಳೆಂದು ಕೊರಗುವ ಗೃಹಸ್ಥರು ತುಲಾಸಂಕ್ರಮಣದ ದಿನ ತಲಕಾವೇರಿಯಲ್ಲಿ ಯಾರಿಗೆ ಕೈಮುಗಿದು ನಿಲ್ಲುವರೆಂಬುದನ್ನು ಸ್ವಲ್ಪ ನೆನೆಯಲಿ. ಬಿಟ್ಟುಹೋದವಳಿಗೇ ಅಲ್ಲವೆ ಆ ನಮಸ್ಕಾರ? ಅದರಂತೆಯೇ, ಮನೆಯನ್ನು ತೊರೆಯುವುದೇ ಮುಕ್ತಿಯೆಂದು ಬರೆಯುವ ಕಾದಂಬರಿಕಾರರು ಅದರ ಮರುದಿನ ಮನೆಮನೆಯಲ್ಲಿ ನಡೆಯುವ ಕಣಿಪೂಜೆಯನ್ನು ನೋಡಲಿ. ಹರಿದುಹೋದವಳನ್ನು ಸೌತೆಕಾಯಿಯಲ್ಲಿಯೋ ತೆಂಗಿನಕಾಯಿಯಲ್ಲಿಯೋ ಆವಾಹಿಸಿ, ಪಟ್ಟೆಯುಡಿಸಿ, ಮನೆಯ ಒಡವೆಯನ್ನೇ ತೊಡಿಸಿ, ಮಗಳನ್ನು ಬರಮಾಡಿಕೊಂಡಂತೆ ಬರಮಾಡಿಕೊಳ್ಳುವರು. ಅವಳ ತೀರ್ಥವು ವರ್ಷವಿಡೀ ಮನೆಯಲ್ಲಿರುವುದು. ಹೋಗುವುದೂ ಬರುವುದೂ ಕೂಡಿ ಒಂದು ಕಥೆಯಾಗುವುದನ್ನು ಈ ನಾಡಿನ ಮುದುಕಿಯರು ಬಲ್ಲರು, ಗ್ರಂಥಕರ್ತರು ಅರಿಯರು.

ಯಯಾತಿಯ ಕಥೆಯು ಕನ್ನಡದಲ್ಲಿ ಮತ್ತೊಮ್ಮೆ ಬೆಂಕಿಯಾದುದು ಗಿರೀಶ ಕಾರ್ನಾಡರ ಕೈಯಲ್ಲಿ. ಇಪ್ಪತ್ತೆರಡರ ತರುಣರಾಗಿದ್ದ ಅವರು ಆಕ್ಸ್‌ಫರ್ಡಿಗೆ ಹೊರಡುವ ಮುನ್ನ, ಮಗನು ಅಲ್ಲಿಯೇ ಉಳಿದುಬಿಟ್ಟಾನೆಂಬ ಮನೆಯವರ ಕಳವಳದ ನಡುವೆ ಆ ನಾಟಕವನ್ನು ಬರೆದುದಾಗಿ ತಾವೇ ಹೇಳಿಕೊಂಡಿರುವರು. ಅದು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದಿತು. ಅವರು ತಂದೆಯನ್ನು ಬೈದು ಕೈತೊಳೆದುಕೊಳ್ಳಲಿಲ್ಲ. ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ನಡುವೆ ತಂದು ನಿಲ್ಲಿಸಿದರು. ಮಗನು ತಂದೆಗೆ ಯೌವನವನ್ನು ಕೊಟ್ಟುದು ಮಹಾತ್ಯಾಗವೇ ಸರಿ. ಅದರ ಬೆಲೆಯನ್ನು ಪ್ರಾಣದಿಂದ ತೆತ್ತವಳು ಮಾತ್ರ ಯಾರೂ ಒಂದು ಮಾತು ಕೇಳದಿದ್ದ ಹೆಂಗಸು. ತ್ಯಾಗವನ್ನು ಕೊಂಡಾಡುವ ಕಾದಂಬರಿಗಳೂ ಸ್ವಾತಂತ್ರ್ಯವನ್ನು ಕೊಂಡಾಡುವ ಕಾದಂಬರಿಗಳೂ ಸಮಾನವಾಗಿ ಮರೆಯುವುದು ಈ ಮೂರನೆಯವಳನ್ನು. ಅಣ್ಣನು ಪಟ್ಟಣದಲ್ಲಿ ಕೊಳಲೂದುತ್ತಿರುವಾಗ ಮನೆಯಲ್ಲಿ ಹಸುವಿಗೆ ಹುಲ್ಲು ಹಾಕುವ ತಂಗಿಗೂ ಒಂದು ಹಂಬಲವಿದ್ದಿತೆ ಎಂದು ಯಾವ ಪ್ರಕರಣದಲ್ಲಿ ಕೇಳಿದ್ದಾರೆ?

ಕೇಳಿದವರೊಬ್ಬರಿದ್ದರು; ಅವರೂ ಇದೇ ಜಿಲ್ಲೆಯವರು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಸುಂಟಿಕೊಪ್ಪದ ಬಳಿಯ ಗುಂಡುಗುಟ್ಟಿಯ ತೋಟದಲ್ಲಿ ಸಂಸಾರ ಮಾಡಿಕೊಂಡಿದ್ದು, 1939ರಲ್ಲಿ ನೀರಿನ ಪಾಲಾದ ಗೌರಮ್ಮನವರು. 1934ರಲ್ಲಿ ಗಾಂಧಿಯವರು ಕೊಡಗಿಗೆ ಬಂದಾಗ ತಮ್ಮ ಮನೆಗೆ ಅವರು ಬಂದೇ ತೀರಬೇಕೆಂದು ಉಪವಾಸ ಹಿಡಿದು, ಬಂದವರಿಗೆ ಮೈಮೇಲಿನ ಒಡವೆಗಳನ್ನು ಬಿಚ್ಚಿಕೊಟ್ಟ ಗೃಹಿಣಿ. ಅವರ ‘ಕಂಬನಿ’, ‘ಚಿಗುರು’ಗಳು ಮರಣಾನಂತರ ಪ್ರಕಟವಾದುವು. ವಿಧವೆಯರ, ಮದುವೆಯಾಗಬೇಕಾದ ಹುಡುಗಿಯರ, ಹೇಳಿಕೊಳ್ಳಲಾರದ ಆಸೆಯುಳ್ಳವರ ಆ ಕಥೆಗಳಲ್ಲಿ ಒಂದರ ಹೆಸರು ‘ಅಪರಾಧಿ ಯಾರು?’, ಇನ್ನೊಂದರ ಹೆಸರು ‘ವಾಣಿಯ ಸಮಸ್ಯೆ’. ಹೆಸರುಗಳಲ್ಲಿಯೇ ಪ್ರಶ್ನೆಯುಂಟು, ತೀರ್ಪಿಲ್ಲ. ಮುನ್ನೂರು ಪುಟದ ಕಾದಂಬರಿಯು ಮಾಡಲಾರದ ಕೆಲಸವನ್ನು ಅವರು ಹತ್ತು ಪುಟಗಳಲ್ಲಿ ಮಾಡಿದರು. ಅದೂ ಇಪ್ಪತ್ತೆಂಟು ತುಂಬುವುದರೊಳಗೆ. ಮಕ್ಕಳಿಗೆ ಪುಸ್ತಕ ಕೊಳ್ಳಲು ಬೆಂಗಳೂರಿನ ಅಂಗಡಿಗಳನ್ನು ಸುತ್ತುವ ಮಡಿಕೇರಿಯ ಎಷ್ಟು ಮನೆಗಳಲ್ಲಿ ಗೌರಮ್ಮನವರ ಕಥೆಗಳಿವೆ?

ಕನ್ನಡದ ದೊಡ್ಡ ಕಾದಂಬರಿಗಳೂ ಈ ಸಂಕಟವನ್ನು ಬಲ್ಲವೇ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯನೂ, ಕಾರಂತರ ‘ಮರಳಿ ಮಣ್ಣಿಗೆ’ಯ ರಾಮನೂ ವಿದ್ಯೆಗೂ ಮನೆಗೂ ನಡುವೆ ಸಿಕ್ಕಿ ತೊಳಲಿದವರು. ಭಾರತೀಸುತರು ಈ ಮಲೆಗಳನ್ನು ಕಾದಂಬರಿಯೊಳಕ್ಕೆ ತಂದರು. ಬಳಿಕ ಕೊಡಗಿನ ಮನೆಯ ಕಥೆಯು ಹೆಚ್ಚಾಗಿ ಓದಲ್ಪಟ್ಟುದು ಇಂಗ್ಲಿಷಿನಲ್ಲಿ: ಕಾವೇರಿ ನಂಬೀಸನ್ನರ ‘ದಿ ಸೆಂಟ್ ಆಫ್ ಪೆಪ್ಪರ್’ (1996), ಸರಿತಾ ಮಂದಣ್ಣನವರ ‘ಟೈಗರ್ ಹಿಲ್ಸ್’ (2010). ಬರೆದವರದು ತಪ್ಪಲ್ಲ. ಆದರೆ ಹದಿನಾರರ ಹುಡುಗಿಗೆ ತನ್ನ ಅಜ್ಜಿಯ ಮನೆಯು ಇಂಗ್ಲಿಷಿನಲ್ಲಿ ಮಾತ್ರ ಸಿಕ್ಕುವುದು ಕನ್ನಡದವರಿಗೆ ಗೌರವವೆ?

ಇಷ್ಟು ಹೇಳಿದುದೂ ಆಸ್ತಿಯುಳ್ಳವರ ಮಾತಾಯಿತು. ತೋಟದ ಲೈನ್‌ಮನೆಯಲ್ಲಿರುವ ಎರವರ ಹುಡುಗಿಯು ಆಶ್ರಮಶಾಲೆಯನ್ನು ಬಿಟ್ಟು ಕೊಯ್ಲಿಗೆ ಇಳಿದರೆ ಅವಳನ್ನು ತಡೆದವರು ಯಾವ ತಂದೆ? ಅವಳ ಮನೆಯ ಋಣವು ಸಂಜೆ ಹಣ್ಣು ತೂಗುವ ತಕ್ಕಡಿಯಲ್ಲಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಸುತ್ತ ಬೆಟ್ಟಗಳು ಜರಿದು ತೋಟಗಳು ಮನೆಗಳ ಸಮೇತ ಕೊಚ್ಚಿಹೋದಾಗ ಎಷ್ಟೋ ತರುಣರಿಗೆ ಬಿಟ್ಟುಹೋಗಲು ಮನೆಯೂ ಉಳಿಯಲಿಲ್ಲ, ಹಿಂದಿರುಗಲು ಮಣ್ಣೂ ಉಳಿಯಲಿಲ್ಲ. ಕಾದಂಬರಿಗಳಲ್ಲಿ ಮಾತ್ರ ಕೊಡಗು ಇನ್ನೂ ಮಂಜು ಕವಿದ ಹಸುರು ಪರದೆಯಾಗಿ ನಾಯಕನ ಬೆನ್ನಹಿಂದೆ ತೂಗಾಡುತ್ತಿದೆ.

ಲೆಕ್ಕ, ಭೂಮಿ, ಕಂದಾಯಗಳೆಂದರೆ ಮಕ್ಕಳು ಪುಸ್ತಕವನ್ನೆಸೆಯುವರೆಂದು ಪ್ರಕಾಶಕರು ಹೇಳುವರು. ಅಮೆರಿಕದ ಲೂಯಿಸಾ ಮೇ ಆಲ್ಕಾಟರು 1868ರಲ್ಲಿ ಬರೆದ ‘ಲಿಟಲ್ ವಿಮೆನ್’ ಎಂಬ ಗ್ರಂಥದಲ್ಲಿ ಜೋ ಎಂಬ ಹುಡುಗಿಯು ಕಾಯಿಲೆಬಿದ್ದ ತಂದೆಯ ಬಳಿಗೆ ತಾಯಿಯು ಹೋಗಬೇಕಾದಾಗ ತನ್ನ ಕೂದಲನ್ನು ಮಾರಿ ತಂದುಕೊಡುವಳು. ಎಷ್ಟಕ್ಕೆ ಎಂಬುದೂ ಅಲ್ಲಿದೆ, 25 ಡಾಲರು. ರಾತ್ರಿ ಆ ಕೂದಲಿಗಾಗಿ ಅವಳು ಅಳುವುದೂ ಇದೆ. ನೂರೈವತ್ತು ವರ್ಷಗಳಿಂದ ಮಕ್ಕಳು ಆ ಪುಸ್ತಕವನ್ನು ಎಸೆದಿಲ್ಲ.

ಕೊಡಗಿನ ಮಕ್ಕಳಿಗಂತೂ ಇವೆರಡೂ ಒಂದೇ ಮೈದಾನದಲ್ಲಿ ದೊರೆಯುವುದುಂಟು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಕೂಡಿಸಿ ಆರಂಭಿಸಿದ ಹಾಕಿಯ ಹಬ್ಬದಲ್ಲಿ ಈಗ ಮುನ್ನೂರಕ್ಕೂ ಮಿಕ್ಕಿ ತಂಡಗಳು ಆಡಿದ್ದುಂಟು. ಪ್ರತಿಯೊಂದು ತಂಡವೂ ಒಂದೊಂದು ಒಕ್ಕ. ಹುಡುಗನು ತನ್ನ ಸ್ವಂತ ಹಂಬಲದಿಂದ ಕೋಲನ್ನು ಹಿಡಿದು, ಸತ್ತ ಹಿರಿಯರೆಲ್ಲರ ಹೆಸರನ್ನು ಹೊತ್ತು ಓಡುವನು. ಚಿಕ್ಕಪ್ಪನು ಗೋಲಿನಲ್ಲಿ, ಅಣ್ಣನು ಎಡಬದಿಯಲ್ಲಿ, ಬೇಲಿಯ ಹೊರಗೆ ಅಜ್ಜಿ. ಅವನು ಮುಂದಿನ ವರ್ಷ ಬೆಂಗಳೂರಿನ ತಂಡವೊಂದಕ್ಕೆ ಸೇರಲೆಣಿಸಿರುವನು. ಅದನ್ನು ಇನ್ನೂ ಯಾರಿಗೂ ಹೇಳಿಲ್ಲ. ಕಾದಂಬರಿಯನ್ನು ಬರೆಯಬೇಕೆಂಬವರು ಅಲ್ಲಿಂದ ಆರಂಭಿಸಬಹುದು.