ದೋಣಿಯಜ್ಜನ ಮೀನುಶೋಧಕ

ನಮ್ಮ ಹಿತ್ತಿಲ ಕೊನೆಯ ತೆಂಗಿನ ಸಾಲನ್ನು ದಾಟಿದರೆ ಚಂದ್ರಗಿರಿ ಹೊಳೆ. ಅಲ್ಲಿ ಕಟ್ಟಿರುವ ಸಣ್ಣ ಮರದ ದೋಣಿಯ ಒಡೆಯರನ್ನು ದೋಣಿಯಜ್ಜನೆಂದೇ ಕರೆಯುವುದು ಊರಿನವರೆಲ್ಲರ ವಾಡಿಕೆ. ಎಪ್ಪತ್ತು ದಾಟಿದ ಈ ಹಿರಿಯರು ಕಳೆದ ಮಳೆಗಾಲ ಮುಗಿಯುವ ಹೊತ್ತಿನಲ್ಲಿ, ಅಳಿವೆಯ ಬಾಯಲ್ಲಿ ಹೊಸದಾಗಿ ಎದ್ದಿದ್ದ ಮರಳದಿಣ್ಣೆಗೆ ದೋಣಿಯನ್ನು ತಾಗಿಸಿ, ಅಡ್ಡಬಂದ ತೆರೆಗೆ ಸಿಕ್ಕಿ ಮಗುಚಿಕೊಂಡರು. ಜೀವ ಉಳಿಯಿತು, ಬಲೆ ಹೋಯಿತು. ಅಂದಿನಿಂದ ಅವರ ಸೊಸೆ ಹುಟ್ಟನ್ನು ಅಟ್ಟದ ಮೇಲೆ ಬಚ್ಚಿಡುವುದೂ, ಅಜ್ಜ ನೆರೆಮನೆಯ ಹುಟ್ಟನ್ನು ಎರವಲು ತಂದು ಹೊರಡುವುದೂ ನಡೆದೇ ಇತ್ತು. ಈ ಜಗಳದ ಸುದ್ದಿ ಗಲ್ಫಿನಲ್ಲಿರುವ ಮೊಮ್ಮಗನಿಗೆ ಮುಟ್ಟಿದುದರ ಫಲವಾಗಿ ಒಂದು ಪೆಟ್ಟಿಗೆ ಬಂದಿತು. ಅದರೊಳಗಿದ್ದುದು ಫಿಶ್ ಫೈಂಡರ್, ಎಂದರೆ ಮೀನುಶೋಧಕ. ಜೊತೆಯ ಪುಸ್ತಿಕೆ ಇಂಗ್ಲಿಷಿನಲ್ಲಿದ್ದ ಕಾರಣ ಪೆಟ್ಟಿಗೆ ನೇರವಾಗಿ ನಮ್ಮ ಜಗಲಿಗೇ ಬಂದಿತು.

“ಮಾಷ್ಟ್ರೇ, ಇದಕ್ಕೆ ಹೊಳೆ ಗೊತ್ತುಂಟಾ?” ಎಂಬುದು ಅಜ್ಜನ ಮೊದಲ ಪ್ರಶ್ನೆ.

ಹೊಳೆ ಗೊತ್ತಿಲ್ಲ, ಸದ್ದು ಗೊತ್ತು ಎಂದೆವು. ಬಾವಿಯೊಳಗೆ ಕೂಗಿದರೆ ಮಾರ್ದನಿ ಬರುವಂತೆ, ಈ ಯಂತ್ರ ನೀರಿಗೆ ಬಿಡುವ ಸದ್ದು ತಳಕ್ಕೆ ಬಡಿದು ಮರಳಿ ಬರುತ್ತದೆ. ಆ ಸದ್ದು ನಮ್ಮ ಕಿವಿಗೆ ಕೇಳಿಸದಷ್ಟು ಮೊನಚಾದುದು. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು ೧೫೦೦ ಮೀಟರು. ಆರು ಮೀಟರು ಆಳವಿದ್ದಲ್ಲಿ ಹೋಗಿಬರುವ ದಾರಿ ಹನ್ನೆರಡು ಮೀಟರು. ಅದಕ್ಕೆ ತಗಲುವ ಕಾಲ ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲು. ಯಂತ್ರದ ಜಾಣತನವೆಲ್ಲ ಈ ಎಂಟು ಪಾಲನ್ನು ಎಣಿಸುವುದರಲ್ಲಿದೆ. ನಡುವೆ ಮೀನಿದ್ದರೆ, ಅದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿ ಸದ್ದು ಬೇಗನೆ ಮರಳುತ್ತದೆ. ಗಾಳಿಚೀಲವಿಲ್ಲದ ತಾಟೆ, ತೊರಕೆಗಳ ಮಾರ್ದನಿ ಮಂದ. ಜಪಾನಿನ ಫುರುನೊ ಸಹೋದರರು ೧೯೪೮ರಲ್ಲಿ ಇಂತಹ ಯಂತ್ರವನ್ನು ಮೀನುಗಾರರಿಗೆ ಮಾರತೊಡಗಿದರು. ಈಗ ಅದು ಅಂಗೈಯಗಲವಾಗಿ ದೋಣಿಯಜ್ಜನ ತನಕ ಬಂದಿದೆ.

ಮೊದಲ ದಿನದ ಕೆಲಸದಲ್ಲಿ ನಾವು ಸೋತೆವೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆವು. ಸದ್ದು ಹೊರಡಿಸುವ ಬಿಲ್ಲೆಗೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ಅದನ್ನು ದೋಣಿಯ ಒಳಮೈಗೇ ಅಂಟಿಸಬಹುದು, ತೂತು ಕೊರೆಯಬೇಕಾಗಿಲ್ಲ ಎಂದು ಪುಸ್ತಿಕೆಯಲ್ಲಿ ಓದಿ ಹಿಗ್ಗಿದೆವು. ಎಪಾಕ್ಸಿ ಅಂಟು ತಂದು, ದೋಣಿಯ ತಳವನ್ನು ಉಜ್ಜಿ ಅಂಟಿಸಿ, ಒಂದು ರಾತ್ರಿ ಕಾದೆವು. ಮರುದಿನ ಹೊಳೆಯ ನಡುವೆ ಪರದೆ ಬೆಳಗಿತು. ತಳದ ಸುಳಿವೇ ಇಲ್ಲ. ಮತ್ತೊಮ್ಮೆ ಪುಸ್ತಿಕೆ ತೆರೆದಾಗ, ಆ ಸಲಹೆ ಗಟ್ಟಿ ಫೈಬರ್ ದೋಣಿಗೆ ಮಾತ್ರ ಸಲ್ಲುವುದೆಂಬ ಸಾಲು ಮುಂದಿನ ಪುಟದಲ್ಲಿತ್ತು. ಮರವೆಂದರೆ ಕೋಟಿಗಟ್ಟಲೆ ಸಣ್ಣ ಗಾಳಿಗೂಡುಗಳ ರಾಶಿ. ಸದ್ದು ಅಲ್ಲಿಯೇ ಇಂಗಿಹೋಗುತ್ತದೆ. ಮಕ್ಕಳಿಗೆ ಮೂವತ್ತು ವರ್ಷ “ಪ್ರಶ್ನೆಯನ್ನು ಪೂರ್ತಿ ಓದಿ” ಎಂದು ಗದರಿಸಿದ ನಮಗೆ ಅಜ್ಜ ಏನೂ ಹೇಳಲಿಲ್ಲ. ಅಂಟನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾ ಒಮ್ಮೆ ನಮ್ಮತ್ತ ನೋಡಿದರು, ಅಷ್ಟೆ.

ಎರಡನೆಯ ಏರ್ಪಾಡು ಅಜ್ಜನದೇ. ದೋಣಿಯ ಎರಡು ಅಂಚುಗಳಿಗೆ ಅಡ್ಡಲಾಗಿ ಒಂದು ರೀಪನ್ನು ಬಿಗಿದು, ಅದರ ತುದಿಗೆ ನೀರಿಗಿಳಿಯುವ ಇನ್ನೊಂದು ತುಂಡನ್ನು ಒಂದೇ ಬೋಲ್ಟು ಮತ್ತು ವಿಂಗ್ ನಟ್ಟಿನಿಂದ ಕೂಡಿಸಿದರು. ದಡ ಸಮೀಪಿಸಿದಾಗ ನಟ್ಟನ್ನು ಸಡಿಲಿಸಿ ತುಂಡನ್ನು ಮೇಲಕ್ಕೆ ಮಡಚಬಹುದು. ಬಿಲ್ಲೆಯನ್ನು ತುಂಡಿನ ಕೆಳತುದಿಯಲ್ಲಿ, ನೀರಿನ ಮೇಲ್ಮೈಯಿಂದ ನಾಲ್ಕು ಅಂಗುಲ ಕೆಳಗೆ, ಮುಖವು ನೇರವಾಗಿ ತಳವನ್ನು ನೋಡುವಂತೆ ಕೂರಿಸಿದೆವು. ಓರೆಯಾದರೆ ಆಳ ಸುಳ್ಳಾಗುತ್ತದೆ. ಹುಟ್ಟು ಹಾಕುವ ಬದಿಯಲ್ಲಿ ಅದನ್ನು ಇಡಲಾಗದು. ಹುಟ್ಟಿನ ನೊರೆಗುಳ್ಳೆಗಳು ಸದ್ದಿಗೆ ಗೋಡೆಯಿದ್ದಂತೆ. ಬೋಲ್ಟು ಕಳಚಿದರೂ ಬಿಲ್ಲೆ ಹೊಳೆಯ ಪಾಲಾಗದಿರಲೆಂದು ಒಂದು ನೈಲಾನ್ ದಾರವನ್ನೂ ಕಟ್ಟಿದೆವು. ಹೆಚ್ಚಾಗಿ ಉಳಿದ ವೈರನ್ನು ಕತ್ತರಿಸಬಾರದು, ಸುರುಳಿ ಸುತ್ತಿ ಇಡಬೇಕು.

ವಿದ್ಯುತ್ತಿಗೆ ೧೨ ವೋಲ್ಟಿನ, ೭ ಆಂಪಿಯರ್-ಗಂಟೆಯ ಮುಚ್ಚಿದ ಸೀಸದ ಬ್ಯಾಟರಿ ಸಾಕು. ಇಂತಹ ಸಣ್ಣ ಯಂತ್ರ ಅರ್ಧ ಆಂಪಿಯರಿಗಿಂತ ಕಡಿಮೆ ಎಳೆಯುವುದರಿಂದ ಲೆಕ್ಕಕ್ಕೆ ಹದಿನಾಲ್ಕು ಗಂಟೆ ಬರಬೇಕು. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಎಂದು ತಿಳಿಯುವುದು ಲೇಸು. ಅದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ದೋಣಿಯ ನಡುತಳದಲ್ಲಿ ಕಟ್ಟಿದೆವು. ಕೆಂಪು ವೈರಿನಲ್ಲಿ, ಬ್ಯಾಟರಿಗೆ ಹತ್ತಿರವಾಗಿಯೇ, ಪುಸ್ತಿಕೆ ಹೇಳಿದ ಅಳತೆಯ ಫ್ಯೂಸು ಇರಲೇಬೇಕು. ಉಪ್ಪುನೀರಿನ ಊರಿನಲ್ಲಿ ಬ್ಯಾಟರಿಯ ಮೊಳೆಗಳಿಗೆ ವ್ಯಾಸಲೀನ್ ಸವರುವುದನ್ನು ಮರೆಯಲಾಗದು.

ಈ ಸಲ ತಳ ಕಂಡಿತು. ಅಜ್ಜ ಒಡನೆಯೇ ನಂಬಲಿಲ್ಲ. ಸೀಸದ ಗುಂಡು ಕಟ್ಟಿದ ತಮ್ಮ ಹಳೆಯ ನೂಲನ್ನು ಬಿಟ್ಟರು. ನಾವು ಟೇಪಿನಿಂದ ಅಳೆದಾಗ ನೂಲು ಹೇಳಿದ್ದು ೩.೨ ಮೀಟರು, ಪರದೆಯಲ್ಲಿ ೩.೧. “ನಾಲ್ಕು ಅಂಗುಲ ಕದ್ದಿತಲ್ಲ!” ಎಂದರು. ಯಂತ್ರ ಎಣಿಸುವುದು ಬಿಲ್ಲೆಯಿಂದ ಕೆಳಕ್ಕೆ. ಬಿಲ್ಲೆ ನೀರೊಳಗೆ ನಾಲ್ಕು ಅಂಗುಲ ಮುಳುಗಿದೆ. ಇದನ್ನು ತಿಳಿಸಿದ ಮೇಲೆ ಅವರಿಗೆ ಆ ಪೆಟ್ಟಿಗೆಯ ಮೇಲೆ ಮೊದಲ ಬಾರಿಗೆ ಗೌರವ ಮೂಡಿತು.

ಪರದೆಯನ್ನು ಓದುವುದಕ್ಕೆ ಅಭ್ಯಾಸ ಬೇಕು. ಬಲತುದಿಯಲ್ಲಿ ಕಾಣುವುದು ಮಾತ್ರ ಈ ಕ್ಷಣದ್ದು. ಎಡಕ್ಕೆ ಸರಿದುದೆಲ್ಲ ಕಳೆದುಹೋದ ನೀರು. ಬಂಡೆಯ ತಳ ಗಾಢವಾದ ಗೆರೆ, ಕೆಸರು ತೆಳುವು. ಆಳ ಕಡಿಮೆಯಿರುವ ಗಟ್ಟಿ ನೆಲದಲ್ಲಿ ಸದ್ದು ಎರಡು ಸಲ ಹೋಗಿಬಂದು, ಇಮ್ಮಡಿ ಆಳದಲ್ಲಿ ಇನ್ನೊಂದು ಸುಳ್ಳು ತಳವನ್ನು ಬರೆಯುವುದೂ ಉಂಟು. ಇಪ್ಪತ್ತು ಡಿಗ್ರಿ ಹರವಿನ ಬಿಲ್ಲೆಗೆ ಕಾಣುವ ವರ್ತುಲದ ಅಗಲ ಆಳದ ಮೂರರಲ್ಲೊಂದು ಪಾಲು ಮಾತ್ರ. ಆರು ಮೀಟರು ಆಳದಲ್ಲಿ ಅದು ಎರಡು ಮೀಟರು. ಉಳಿದ ಹೊಳೆಯೆಲ್ಲ ಯಂತ್ರಕ್ಕೆ ಕತ್ತಲೆ. ಪುಟ್ಟ ಪುಟ್ಟ ಮೀನಿನ ಚಿತ್ರಗಳನ್ನು ಮೂಡಿಸುವ ಸೌಕರ್ಯವನ್ನು ಆರಿಸಿಬಿಡಬೇಕೆಂಬುದು ನಮ್ಮ ಅಭಿಪ್ರಾಯ. ತೇಲುವ ಮಡಲಿನ ಚೂರಿಗೂ ಅದು ಮೀನಿನ ಪಟ್ಟ ಕಟ್ಟುತ್ತದೆ. ಚಲಿಸುವ ದೋಣಿಯ ಕೆಳಗೆ ನಿಜವಾದ ಮೀನು ಕಮಾನಿನಂತೆ ಕಾಣುತ್ತದೆ. ನಿಂತ ದೋಣಿಯ ಕೆಳಗೆ ನಿಂತ ಮೀನು ಉದ್ದನೆಯ ಗೆರೆ.

ಇಲ್ಲದ ಮೀನನ್ನು ಯಾವ ಯಂತ್ರವೂ ತೋರಿಸದು. ಕೇರಳದ ಕಡಲಲ್ಲಿ ೨೦೧೨ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ನು ಸಿಕ್ಕ ಬೂತಾಯಿ ೨೦೨೧ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಇಳಿದಿತ್ತು. ಆ ವರ್ಷ ದೊಡ್ಡ ದೋಣಿಗಳಲ್ಲಿ ಶೋಧಕಗಳಿಗೇನೂ ಕೊರತೆಯಿರಲಿಲ್ಲ.

ಆದರೆ ಅಜ್ಜನ ಮನೆಯವರಿಗೆ ಬೇಕಾಗಿದ್ದುದು ಮೀನಲ್ಲ, ಅಜ್ಜ. ಈ ವಿಷಯದಲ್ಲಿ ನಾವು ಸೊಸೆಯವರಿಗೆ ನಿಷ್ಠುರವಾಗಿಯೇ ಹೇಳಬೇಕಾಯಿತು. ಆಳ ಒಂದು ಮೀಟರಿಗಿಂತ ಕಡಿಮೆಯಾದರೆ ಯಂತ್ರ ಕೂಗುವಂತೆ ಮಾಡಿಟ್ಟಿದ್ದೇವೆ, ನಿಜ. ಆದರೆ ಅದು ನೋಡುವುದು ದೋಣಿಯ ಕೆಳಗೆ, ಮುಂದೆ ಅಲ್ಲ. ನೆಲ ಮೆಲ್ಲನೆ ಏರಿದರೆ ಎಚ್ಚರಿಸೀತು. ಕಡಿದಾದ ದಿಣ್ಣೆಯಾದರೆ ಕೂಗುವ ಹೊತ್ತಿಗೆ ದೋಣಿ ತಾಗಿರುತ್ತದೆ. ಅಳಿವೆಯ ಬಾಯಲ್ಲಿ ತೆರೆ ಒಡೆದು ನೊರೆಯೆದ್ದಾಗ ತಳವೇ ತಪ್ಪಿಹೋಗುತ್ತದೆ. ಅಜ್ಜ ಮಗುಚಿದ ತಾಣದಲ್ಲಿ ಅಂದು ಇದು ಇದ್ದಿದ್ದರೂ ಉಪಕಾರವಾಗುತ್ತಿರಲಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸೇತುವೆಯಿಂದ ಪಡುವಣಕ್ಕೆ ಹೋಗಬಾರದು ಮಾವ, ಒಪ್ಪಿದರೆ ಹುಟ್ಟು ಕೊಡುತ್ತೇನೆ” ಎಂದರು. ಅಜ್ಜ ಅಂಗಳದ ಅಡಿಕೆಯನ್ನು ಬಹಳ ಹೊತ್ತು ನೋಡಿ, ಆಗಲಿ ಎಂದರು. ನಲವತ್ತು ವರ್ಷ ಕಡಲಿಗೆ ಹೋದವರಿಗೆ ಆ ಒಂದು ಮಾತು ಎಷ್ಟು ಭಾರವೆಂದು ನಾವು ಬಲ್ಲೆವು.

ಅಂದಿನಿಂದ ಇಳಿತದ ಹೊತ್ತಿನಲ್ಲಿ ಸೇತುವೆಯಿಂದ ಮೇಲಕ್ಕೆ ಹೊಳೆಯ ಆಳವನ್ನು ಅಳೆದು, ಒಂದು ನೋಟುಪುಸ್ತಕದಲ್ಲಿ ಬರೆಯುವ ಕೆಲಸ ನಮ್ಮದಾಗಿದೆ. ಪ್ರತಿ ಮಳೆಗಾಲದ ಮೇಲೆ ಇದನ್ನು ಹೊಸದಾಗಿ ಬರೆಯಬೇಕು. ಕರಿಮೀನು ನಿಲ್ಲುವ ಕಲ್ಲುಗಳು, ಕಾಣೆ ಸಿಗುವ ಮರಳು, ಮುಳುಗಿದ ಮರದ ಬೊಡ್ಡೆ ಎಂದು ಒಂಬತ್ತು ತಾಣಗಳಾದವು. ಹತ್ತನೆಯದರಲ್ಲಿ ನೆಲ ಒಮ್ಮೆಗೇ ಕುಸಿದು, ಗುಂಡಿಯ ಅಂಚಿನಲ್ಲಿ ಮೂರು ದಪ್ಪ ಕಮಾನುಗಳು ಕಂಡವು. ಕೆಂಬೇರಿಯೇ ಇರಬೇಕು. ನಾವು ಪೆನ್ನು ತೆಗೆದಾಗ ಅಜ್ಜ ಕೈ ಅಡ್ಡ ಹಿಡಿದು ಹೇಳಿದರು:

“ಇದು ಪುಸ್ತಕದಲ್ಲಿ ಬೇಡ ಮಾಷ್ಟ್ರೇ. ನೀವು ಎಲ್ಲವನ್ನೂ ಪೇಪರಿಗೆ ಬರೆಯುವವರು.”