ಶರೀಫಜ್ಜನಿಗೆ ಗಿಟಾರಿನ ಮೈಲಿಗೆ

ಶಿಶುನಾಳ ಶರೀಫರ ಪದಗಳನ್ನು ಬ್ಯಾಂಡಿನವರು ಕೆಡಿಸಿಬಿಟ್ಟರು ಎಂಬ ದೂರನ್ನು ಹತ್ತು ಹನ್ನೆರಡು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ಸಾಹಿತ್ಯ ಸಮ್ಮೇಳನದ ಪೆಂಡಾಲಿನಲ್ಲಿ ಕೇಳಿದ್ದೇನೆ, ಸಿಂಧನೂರಿನ ಬಸ್ಸಿಗೆ ಕಾಯುತ್ತ ನಿಂತಾಗಲೂ ಕೇಳಿದ್ದೇನೆ. ಹಾಗೆ ದೂರುವವರಲ್ಲಿ ಹಾಡನ್ನು ಪೂರ್ತಿ ಕೇಳಿದವರು ಕಡಿಮೆ. ಗಿಟಾರು ಹಿಡಿದ ಒಬ್ಬಾತ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುವುದನ್ನು ಟಿ.ವಿ.ಯಲ್ಲಿ ಒಂದು ನಿಮಿಷ ನೋಡಿರುತ್ತಾರೆ. ಸಂಸ್ಕೃತಿ ಮುಳುಗಿತು ಎಂದು ತೀರ್ಪು ಕೊಡಲು ಅವರಿಗೆ ಅಷ್ಟು ಸಾಕು.

ನಾನು ಪೂರ್ತಿ ಕೇಳಿದವಳು, ಅದೂ ಕಾದು ಕೇಳಿದವಳು. ರಘು ದೀಕ್ಷಿತ್ ಮತ್ತು ಅವರ ಸಂಗಡಿಗರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದರಲ್ಲಿ ಶರೀಫರ ಗುಡುಗುಡಿಯ ಪದವಿತ್ತು. ಎರಡನೆಯದಾದ ‘ಜಗ್ ಚಂಗಾ’ ಬರುವ ಹೊತ್ತಿಗೆ 2013 ಆಗಿತ್ತು. ನಡುವಿನ ಐದು ವರ್ಷಗಳಲ್ಲಿ ಅವರು ಬಿಬಿಸಿಯಲ್ಲಿ ಹಾಡಿದರು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಗಿಬಂದರು. ದಢೇಸುಗೂರಿನ ಹೊಳೆದಂಡೆಯಲ್ಲಿ ಕೂತ ನಾನು ಹಳೆಯ ಹಾಡುಗಳನ್ನೇ ತಿರುಗಾ ಮುರುಗಾ ಕೇಳುತ್ತಿದ್ದೆ. ಕೊನೆಗೆ 2014ರ ಸಂಕ್ರಾಂತಿಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ಹೊಸದನ್ನು ತಂದ. ಹೊಳೆಯಲ್ಲಿ ಮಿಂದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಉಂಡು, ಮನೆಯವರೆಲ್ಲ ಅಡ್ಡಾದ ಮೇಲೆ ಒಬ್ಬಳೇ ಕೂತು ಕೇಳಿದೆ.

ಹಿಂದಿಯ ಹಾಡುಗಳು ಹೇಗೆ ಬಂದವೋ ಹಾಗೇ ಹೋದವು, ಸುಳ್ಳೇಕೆ ಹೇಳಲಿ. ‘ಲೋಕದ ಕಾಳಜಿ’ ಶುರುವಾದಾಗ ಮಾತ್ರ ನೆಟ್ಟಗೆ ಕೂತೆ. ಆ ಪದದಲ್ಲಿ ಒಂದು ಚುಚ್ಚು ಇದೆ, ಚುಚ್ಚುವಾಗಲೇ ನಗುವ ಗುಣವಿದೆ. ಭಾವಗೀತೆಯ ಗಾಂಭೀರ್ಯದಲ್ಲಿ ಎಷ್ಟೋ ಸಲ ಅಡಗಿಹೋಗುವ ಆ ನಗು ಇಲ್ಲಿ ಎದ್ದು ಕಂಡಿತು. ಒಂದೆರಡು ಕಡೆ ಡ್ರಮ್ಮಿನ ಅಬ್ಬರ ಶಬ್ದದ ಕೊನೆಯನ್ನು ನುಂಗಿದ್ದು ನನಗೆ ಸರಿಬರಲಿಲ್ಲ. ವ್ಯಾಕರಣ ಕಲಿಸುವವಳಿಗೆ ವಿಭಕ್ತಿ ಪ್ರತ್ಯಯ ಹಾರಿಸಿದರೆ ತಡೆಯುವುದಿಲ್ಲ ನೋಡಿ. ಅಷ್ಟು ಬಿಟ್ಟರೆ ನನ್ನ ತಕರಾರಿಲ್ಲ.

ಆದರೆ ದೂರುವವರ ತಕರಾರು ಇದಲ್ಲ. ಅವರ ಪ್ರಕಾರ ಮೂಲ ಧಾಟಿ ಕೆಟ್ಟಿತು. ಯಾವುದಪ್ಪಾ ಮೂಲ ಧಾಟಿ? ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ದೇಶದಲ್ಲಿ ಗ್ರಾಮಫೋನಿಗೆ ಹಾಡು ಹಿಡಿಯಲು ಶುರುಮಾಡಿದ್ದು 1902ರಲ್ಲಿ. ಅಜ್ಜನ ದನಿಯನ್ನು ಕೇಳಿದವರಾರು? ಇವರು ಮೂಲವೆಂದು ನಂಬಿರುವುದು ಸಿ. ಅಶ್ವತ್ಥರ ಧಾಟಿಯನ್ನು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲಂತೂ ಅದೇ ವೇದವಾಯಿತು. ಅಶ್ವತ್ಥರು ದೊಡ್ಡವರು, ಅವರ ಕ್ಯಾಸೆಟ್ಟುಗಳನ್ನು ಟೇಪು ಸವೆಯುವಷ್ಟು ಕೇಳಿ ಬೆಳೆದವಳು ನಾನು. ಆದರೆ ಅದೇ ಕ್ಯಾಸೆಟ್ಟನ್ನು ಕೇಳಿ ನಮ್ಮ ಅಪ್ಪ, “ಇದೇನವ್ವ, ಪದ ಹೋಗಿ ಸಿನಿಮಾ ಹಾಡು ಆತಲ್ಲ” ಎಂದು ಮುಖ ಕಿವುಚಿದ್ದರು. ಅವರ ಕಿವಿಗೆ ಏಕತಾರಿ, ದಮ್ಮಡಿ, ತಾಳ ಇಷ್ಟೇ ಶುದ್ಧ. ಜೊತೆಗೆ ಹಾರ್ಮೋನಿಯಂ ಇದ್ದರೆ ನಡೆಯುತ್ತಿತ್ತು. ಆ ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ! ಅದು ನಮ್ಮ ಸಂಗೀತಕ್ಕೆ ಒಗ್ಗದ ಪರದೇಶಿ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದಕ್ಕೆ ನಿಷೇಧ ಹಾಕಿ, 1971ರವರೆಗೆ ಬಾಗಿಲು ಮುಚ್ಚಿತ್ತು. ಈಗ ಹಾರ್ಮೋನಿಯಂ ಇಲ್ಲದ ಭಜನೆಯನ್ನು ಯಾರಾದರೂ ಭಜನೆ ಎನ್ನುತ್ತಾರೆಯೆ?

ಇನ್ನು ಕುಣಿತದ ಮಾತು. ಅಧ್ಯಾತ್ಮದ ಪದಕ್ಕೆ ಕುಣಿಯುವುದು ಅಪಚಾರವಂತೆ. ಈ ಮಾತನ್ನು ರಾಯಚೂರು ಸೀಮೆಯಲ್ಲಿ ನಿಂತು ಆಡಲು ಧೈರ್ಯ ಬೇಕು. ಮೊಹರಮ್ಮಿನಲ್ಲಿ ನಮ್ಮ ಹಳ್ಳಿಗಳ ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುವವರು ಯಾರು? ಹಿಂದೂಗಳು, ಮುಸಲ್ಮಾನರು ಕೂಡಿಯೇ ಹಾಕುತ್ತಾರೆ. ಕರ್ಬಲಾದ ದುಃಖವನ್ನು ಹೇಳುವ ರಿವಾಯತ್ ಪದಗಳಿಗೂ ಹೆಜ್ಜೆಯಿದೆ. ಶರೀಫರು ಸ್ವತಃ ರಿವಾಯತ್ ಪದ ಕಟ್ಟಿದವರು. ಕಣ್ಣು ಮುಚ್ಚಿ, ಶಾಲು ಹೊದ್ದು ಕೂತು ಕೇಳುವುದು ಸಭಾಭವನಗಳು ಕಲಿಸಿದ ಶಿಸ್ತು. ಅಲಾಯಿ ಕುಣಿಗೆ ಆ ಶಿಸ್ತು ಗೊತ್ತಿಲ್ಲ.

ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ಹಿಂದೊಮ್ಮೆ ಒಂದು ಶಾಲೆಯ ಗ್ಯಾದರಿಂಗಿಗೆಂದು ಎಂಟನೆಯ ತರಗತಿಯ ಹುಡುಗಿಯರಿಗೆ ಬ್ಯಾಂಡಿನ ಧಾಟಿಯಲ್ಲೇ ಗುಡುಗುಡಿಯ ಪದ ಕಲಿಸಿದ್ದೆ. ಹದಿನೈದು ದಿನ ಊಟದ ಬಿಡುವಿನಲ್ಲಿ ತಾಲೀಮು. ಹಿರಿಯರೊಬ್ಬರು ನೋಡಿ, “ಅಕ್ಕೋರೆ, ಹುಡುಗ್ಯಾರಿಗೆ ಹುಕ್ಕಾ ಸೇದೂದು ಕಲಿಸ್ತೀರೇನ್ರಿ?” ಎಂದರು. ದೇಹವನ್ನು, ಮನಸ್ಸನ್ನು, ಭಕ್ತಿಯನ್ನು ಹುಕ್ಕಾದ ಒಂದೊಂದು ಭಾಗಕ್ಕೆ ಹೋಲಿಸಿ ಹೇಳಿದ ಪದ ಇದು, ಬರೆದವರು ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಶಾಲೆಯಲ್ಲಿ ನಮ್ಮ ಹಾಗೇ ಮಾಸ್ತರಿಕೆ ಮಾಡಿದವರು ಎಂದು ತಿಳಿಸಿ ಹೇಳಿದೆ. “ಅರ್ಥ ಇರಲಿ ಬಿಡ್ರಿ, ಆ ಗಿಟಾರಿನ ಗದ್ದಲ ಬ್ಯಾಡ” ಎಂದರು. ಪದ ಪಟ್ಟಿಯಿಂದ ಹೋಯಿತು. ಆ ಸಂಜೆ ಅದೇ ವೇದಿಕೆಯ ಮೇಲೆ, ಆಳೆತ್ತರದ ಸ್ಪೀಕರುಗಳಲ್ಲಿ, ತೆಲುಗು ಸಿನಿಮಾದ ಒಂದು ಐಟಂ ಹಾಡಿಗೆ ಆರನೆಯ ತರಗತಿಯ ಮಕ್ಕಳು ಸೊಂಟ ಕುಣಿಸಿದರು. ಮುಂದಿನ ಸಾಲಿನಲ್ಲಿ ಕೂತವರು ಚಪ್ಪಾಳೆ ತಟ್ಟಿದರು. ಅಲ್ಲಿ ಗದ್ದಲ ಯಾರ ಕಿವಿಗೂ ಬೀಳಲಿಲ್ಲ. ನನ್ನ ಹುಡುಗಿಯರಲ್ಲಿ ಒಬ್ಬಾಕೆ ಗೆಜ್ಜೆ ಬಿಚ್ಚಿ ಕೊಡುತ್ತ, “ಟೀಚರ್, ಪದ ಬರಕೊಂಡ ಹಾಳಿನೂ ವಾಪಸ್ ಕೊಡಬೇಕೇನ್ರಿ?” ಎಂದು ಕೇಳಿದಳು. ಇಟ್ಟುಕೋ ಅಂದೆ.

ಭಜನೆ ಕಡಿಮೆಯಾಗುತ್ತಿರುವುದು ನಿಜ. ನಮ್ಮ ಕಡೆ ಶ್ರಾವಣದಲ್ಲಿ ಹನುಮಪ್ಪನ ಗುಡಿಯಲ್ಲಿ ತಾಳ ಹಿಡಿಯುವವರು ಬಹುತೇಕ ನನಗಿಂತ ಹಿರಿಯರು. ಹುಡುಗರು ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ಉಳಿದವರ ಕೈಯಲ್ಲಿ ಫೋನಿದೆ. ಗಿಟಾರು ಮಾಡಿದ ಅನ್ಯಾಯ ಇದರಲ್ಲಿ ಏನಿದೆ? ಆ ಫೋನಿನೊಳಗೆ ಶರೀಫಜ್ಜ ಇಣುಕಿದ್ದು ಹಾಗೆ ಹಾಡಿದವರಿಂದಲೇ.

ಬ್ಯಾಂಡಿನವರ ಮೇಲೆ ನನ್ನದೂ ಒಂದು ದೂರಿದೆ. ತತ್ವಪದವೆಂದರೆ ಎಲ್ಲರೂ ಶರೀಫರ ಮನೆಯ ಬಾಗಿಲನ್ನೇ ಬಡಿಯುತ್ತಾರೆ. ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಬ, ಇವರ ಪದಗಳಲ್ಲಿ ಶರೀಫರಷ್ಟೇ ಬೆಂಕಿಯಿದೆ, ಅಷ್ಟೇ ನಗುವಿದೆ. ಅವಕ್ಕೆ ಶರೀಫರಿಗೆ ಸಿಕ್ಕಂಥ ದನಿ ಸಿಕ್ಕಿಲ್ಲ. ಅವುಗಳ ಧಾಟಿ ಬಲ್ಲ ಮುದುಕರು ನಮ್ಮ ಭಾಗದ ಊರುಗಳಲ್ಲಿ ಇನ್ನೂ ಒಬ್ಬಿಬ್ಬರು ಸಿಗುತ್ತಾರೆ. ಸಂಸ್ಕೃತಿಯ ಚಿಂತೆಯಲ್ಲಿ ನಿದ್ದೆಗೆಟ್ಟ ಹಿರಿಯರು ಬರುವ ಶ್ರಾವಣದಲ್ಲಿ ಒಂದು ರಾತ್ರಿ ನಮ್ಮ ಗುಡಿಗೆ ಬರಲಿ. ಚಾಪೆಯ ಮೇಲೆ ಜಾಗ ಬೇಕಾದಷ್ಟಿದೆ.